ಹಿಂದಿನ ಸೀಟಿನಿಂದ

ಮೊದಲು ಕನ್ನಡಿ ಸರಿಮಾಡಿಕೋ, ತುಮ್ಮಾಸ್.
ಅದರಲ್ಲಿ ನನ್ನ ಮುಖ ಕಂಡರೆ ಕೋನ ತಪ್ಪಿದೆ.
ಕಾಣಬೇಕಾದ್ದು ನನ್ನ ಬೆನ್ನ ಹಿಂದಿನ ಗಾಜು, ಅದರಾಚೆಯ ರಸ್ತೆ.
ಮೂವತ್ತೆಂಟು ವರ್ಷ ನೋಡಿದ್ದು ಸಾಲದೆ?

ರೋಕುರ್ ನಗುತ್ತಾನೆ. ಇಪ್ಪತ್ತಾರರ ಹುಡುಗ,
ಕಾಲಡಿಯಲ್ಲಿ ಅವನದೇ ಇನ್ನೊಂದು ಬ್ರೇಕು,
ಬಾಯಲ್ಲಿ ಪುದೀನ ಮಿಠಾಯಿ.
ಅವನು ಹುಟ್ಟಿದಾಗ ಬಂದ ಕಾರ್ಡುಗಳನ್ನೆಲ್ಲ
ಇದೇ ರಸ್ತೆಯಲ್ಲಿ ಅಂಚೆ ವ್ಯಾನಿನಲ್ಲಿ ತಂದುಕೊಟ್ಟವಳು ನಾನು.
ಇವತ್ತು ಪಾಠ ಅವನದು. ನಾನು ಬರೀ ಸಾಮಾನು.
ಸಾಮಾನಿಗೂ ಬೆಲ್ಟು ಹಾಕಿದೆ, ನೋಡಿಕೋ.

ಕ್ಲಚ್ಚನ್ನು ಹಾಗೆ ಒದೆಯಬೇಡ.
ಒದ್ದರೆ ಕೇಳಲು ಇದೇನು ದೋಣಿಯ ಎಂಜಿನ್ನೇ?
ನಿದ್ದೆಹೋದ ಮಗುವಿನ ತಲೆಯಡಿಯಿಂದ
ತೋಳು ಬಿಡಿಸಿಕೊಳ್ಳುತ್ತೇವಲ್ಲ, ಹಾಗೆ ಬಿಡು.
ನಿನಗೆಲ್ಲಿ ಗೊತ್ತು, ಮಕ್ಕಳು ಮಲಗುವ ಹೊತ್ತಿಗೆ
ಗ್ರೀನ್‌ಲ್ಯಾಂಡಿನ ಹತ್ತಿರ ಬಲೆ ಎಳೆಯುತ್ತಿದ್ದೆ ನೀನು.
ಇರಲಿ. ಮೆಲ್ಲಗೆ ಬಿಡು, ಅಷ್ಟೇ.

ಕುರಿ.
ಎಡಕ್ಕೆ ತಾಯಿ ಇದೆಯೆಂದರೆ ಬಲಕ್ಕೆ ಮರಿ ಇದೆ ಅಂತಲೇ ತಿಳಿ.
ತಾಯಿ ಕೂಗಿದ ಮೇಲೆ ಮರಿ ಅತ್ತಿತ್ತ ನೋಡಿ ದಾಟುವುದಿಲ್ಲ.
ಹಾರ್ನ್ ಬೇಡ. ಕಾಲು ತೆಗೆ, ಕಾಯಿ.
ಕ್ಲಾಕ್ಸ್‌ವಿಕ್ ಎಲ್ಲಿಗೂ ಓಡಿಹೋಗುವುದಿಲ್ಲ,
ನೂರು ವರ್ಷದ ಗಾಳಿಗೇ ಜಗ್ಗದ ಊರು ಅದು.

ಬಂತಲ್ಲವೇ ಸುರಂಗ?
ಕೇಳಿಸಿತು ನನಗೆ, ಚಕ್ರದ ಸದ್ದು ಮಗ್ಗುಲು ಬದಲಿಸಿತು.
ಒಂದೇ ಗಾಡಿಯ ಅಗಲ, ಒಳಗೆ ದೀಪವಿಲ್ಲ.
ಬಲಗಡೆ ಬಂಡೆಯಲ್ಲಿ ಕೊರೆದ ಗೂಡುಗಳಿವೆ, ಎಣಿಸುತ್ತಾ ಹೋಗು.
ಗೂಡು ನಮ್ಮ ಬದಿಗಿದ್ದರೆ ದಾರಿ ಬಿಡಬೇಕಾದವರು ನಾವು,
ಎದುರು ಬರುವವನು ಸಾಲಗಾರನೋ ದಾಯಾದಿಯೋ,
ಯಾರಾದರೂ ಸರಿ.

ಈಗ ಬಾಯಿಬಿಡು. ಕಂಡದ್ದನ್ನೆಲ್ಲ ಹೇಳುತ್ತಾ ಓಡಿಸು.
ಕಲಿಯುವವರಿಗೆ ಅದು ಒಳ್ಳೆಯದು ಅನ್ನುತ್ತಾನೆ ರೋಕುರ್,
ಬಾಯಲ್ಲಿ ಆಡಿದ್ದನ್ನು ಕಣ್ಣು ತಪ್ಪಿಸಿಕೊಳ್ಳುವುದಿಲ್ಲವಂತೆ.
ನನ್ನ ಕಾರಣ ಬೇರೆ.
ಅಂಚೆಲ್ಲ ಕತ್ತಲಾಗಿ, ನಡುವೆ ನಾಣ್ಯದಷ್ಟು ಬೆಳಕು:
ಅಕ್ಟೋಬರಿನಲ್ಲಿ ಡಾಕ್ಟರು ಚೀಟಿ ಬರೆಯುವ ಮೊದಲೇ
ನನಗೆ ಗೊತ್ತಿತ್ತು, ನಾನು ಈ ಸುರಂಗದೊಳಗೇ ಇದ್ದೇನೆ,
ಹೊರಬಂದ ಮೇಲೂ.

"ದೀಪ," ಅನ್ನುತ್ತೀಯ.
ಎಷ್ಟು ದೂರ?
"ಹತ್ತಿರ. ಅಲ್ಲ, ದೂರ."
ಗೊತ್ತಾಗುವುದಿಲ್ಲ ಬಿಡು, ಯಾರಿಗೂ.
ಕತ್ತಲಲ್ಲಿ ಎರಡು ದೀಪ ಸೇರಿದರೆ ಸುಳ್ಳು ಹೇಳುತ್ತವೆ.
ಇನ್ನೊಂದು ಗೂಡು ದಾಟಿಬಿಡೋಣ ಅನ್ನಿಸುತ್ತಿದೆಯಲ್ಲ,
ನನಗೂ ಒಮ್ಮೆ ಅನ್ನಿಸಿತ್ತು.
ಕ್ರಿಸ್‌ಮಸ್ ವಾರ, ವ್ಯಾನಿನ ತುಂಬ ಪೊಟ್ಟಣ, ತಡವಾಗಿತ್ತು.
ನಟ್ಟನಡುವೆ ಮೂತಿಗೆ ಮೂತಿ ನಿಂತೆವು, ನಾನೂ ಮೀನಿನ ಲಾರಿಯೂ.
ನಡುವೆ ಒಂದು ಗೇಣು. ಅಳತೆ ಉತ್ಪ್ರೇಕ್ಷೆಯಲ್ಲ.
ಕುತ್ತಿಗೆ ತಿರುಚಿಕೊಂಡು ಮುನ್ನೂರು ಮೀಟರು ಹಿಂದಕ್ಕೆ ಹೋದೆ,
ಬಂಡೆಗೆ ಒಂದು ಕನ್ನಡಿ ಕೊಟ್ಟು.
ಮನೆಗೆ ಬಂದು ನಿನಗೆ ಹೇಳಲಿಲ್ಲ.
ಸ್ಟೀರಿಂಗ್ ಹಿಡಿಯದವರ ಮುಂದೆ
ಸ್ಟೀರಿಂಗಿನ ತಪ್ಪು ಒಪ್ಪಿಕೊಳ್ಳುವುದು ಹೇಗೆ?
ಈಗ ಹೇಳಿದೆ.

ಗೂಡಿಗೆ ಇಳಿಸಿದೆ. ಒಳ್ಳೆಯದು.
ದೀಪ ತಗ್ಗಿಸು, ಅವರ ಕಣ್ಣೂ ಕಣ್ಣೇ.
ರೋಕುರನ ಕಾಲು ಬ್ರೇಕಿನ ಮೇಲಿಲ್ಲ, ಗಮನಿಸಿದೆಯಾ?
ಮಿಠಾಯಿ ಕಡಿಯುವ ಸದ್ದೂ ನಿಂತಿದೆ, ಅದು ಬೇರೆ ಮಾತು.

ಹೋಯಿತು. ಯಾರದು?
"ಗೊತ್ತಾಗಲಿಲ್ಲ. ಕೈ ಎತ್ತಿದರು."
ನೀನು?
"ಸ್ಟೀರಿಂಗ್ ಬಿಡಬಾರದು ಅಂದಿದ್ದೆಯಲ್ಲ."

ಒಂದು ಬೆರಳು ಸಾಕು, ತುಮ್ಮಾಸ್.
ಉಳಿದ ನಾಲ್ಕು ಅಲ್ಲೇ ಇರಲಿ.
ಹೊರಡು. ಎದುರು ಇನ್ನೊಂದು ಬರುತ್ತಿದೆಯೋ ಏನೋ,
ನೋಡಿ ಹೇಳು.